ಗುಂಪಿನಲ್ಲಿ ಗಿಟಾರ್ ನುಡಿಸುವಾಗ ಕಿವಿ ಎಲ್ಲಿಡಬೇಕು?

ಕೋಡಿಬಾಗ ಗಿಟಾರು | ಕಾರವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕತೆ, ಬೇಜಾರು ಮಾಡಿಕೊಳ್ಳಬೇಡಿ.

ನಾಲ್ಕು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಗುರು ಅಂತ ಯಾರೂ ಇಲ್ಲ, ಯೂಟ್ಯೂಬೇ ಗುರು. ಕೋಣೆ ಬಾಗಿಲು ಹಾಕಿಕೊಂಡು, ಬ್ಯಾಕಿಂಗ್ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿಟ್ಟ ಹಿನ್ನೆಲೆ ವಾದ್ಯ) ಹಚ್ಚಿ ನುಡಿಸುವುದು ರೂಢಿ. ಬಾರೆ ಕಾರ್ಡ್ (ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಸ್ವರಗುಚ್ಛ) ಸಲೀಸಾಗಿ ಬರುತ್ತವೆ, ಕೈ ಓಡುತ್ತದೆ. ಒಂದು ಮಟ್ಟಕ್ಕೆ ಬಂದಿದ್ದೇನೆ ಅಂದುಕೊಂಡಿದ್ದೆ.

ಈ ಸಲ ಚೌತಿಗೆ ಪಕ್ಕದ ಮನೆಯಲ್ಲಿ ಭಜನೆ. "ಗಿಟಾರ್ ತಗೊಂಡು ಬಾರೋ" ಅಂದರು, ಹೋದೆ. ಪೇಟಿಗೆ (ಹಾರ್ಮೋನಿಯಂಗೆ) ಒಬ್ಬರು, ತಬಲಾಕ್ಕೆ ಒಬ್ಬರು, ತಾಳ ಹಾಕುವವರು ಐದಾರು ಜನ, ಹಾಡುವವರು ಮನೆ ತುಂಬ. ಎರಡು ತಾಸು ಬಿಡದೆ ನುಡಿಸಿದೆ. ಕೈ ನೋವು ಬಂತು, ಖುಷಿಯೂ ಆಯ್ತು. ಆರತಿ ಮುಗಿದು ಪಂಚಕಜ್ಜಾಯ ತಿನ್ನುತ್ತಾ ಕೂತಾಗ ಪೇಟಿಯವರು ಮೆಲ್ಲಗೆ ಹೇಳಿದರು: "ಚಲೋ ಬಾರಿಸ್ತೀಯ ತಮ್ಮಾ. ಆದ್ರೆ ಅಲ್ಲಿ ನಾವೂ ಇದ್ವಲ್ಲ."

ಆಗ ಅರ್ಥವಾಗಲಿಲ್ಲ. ಮರುದಿನ ಆ ಮನೆಯ ಅಕ್ಕ ಫೋನಿನಲ್ಲಿ ಮಾಡಿಕೊಂಡ ರೆಕಾರ್ಡಿಂಗ್ ಕಳಿಸಿದರು. ಕೇಳಿ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಶುರುವಿನಿಂದ ಕೊನೆಯವರೆಗೆ ನನ್ನದೇ ಗದ್ದಲ. ಒಂದು ಕಡೆ ಹಾಡುವವರು ಪಲ್ಲವಿಗೆ ತಿರುಗಿದ್ದಾರೆ, ನಾನು ಇನ್ನೂ ಚರಣದ ಕಾರ್ಡಿನಲ್ಲೇ ಇದ್ದೇನೆ. ಅದೂ ಎರಡು ಆವರ್ತನ, ಅಂದರೆ ತಾಳದ ಎರಡು ಪೂರ್ತಿ ಸುತ್ತು! ಇನ್ನೊಂದು ಕಡೆ ನಾನು ಓಡುತ್ತಿದ್ದೇನೆ, ತಬಲಾದವರು ಪಾಪ ಹಿಂದೆ ಹಿಂದೆ ಬರುತ್ತಿದ್ದಾರೆ. ನುಡಿಸುವಾಗ ಇದರಲ್ಲಿ ಒಂದೂ ನನಗೆ ಕೇಳಿಸಿರಲಿಲ್ಲ. ಅದೇ ಹೆದರಿಕೆ.

ಬೇರೆಯವರ ಜೊತೆ ನುಡಿಸುವಾಗ ಅವರನ್ನು ಕೇಳಿಸಿಕೊಳ್ಳುವುದು ಹೇಗೆ? ಅದನ್ನು ಅಭ್ಯಾಸ ಮಾಡಬಹುದಾ, ಇಲ್ಲಾ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದಾ?

ಮಳೆಗಾಲ | ಶಿರಸಿ

ನಿಮಗೆ ಪೂರ್ತಿ ಕೇಳುವ ಧೈರ್ಯವಾದರೂ ಇತ್ತು. ನಾನು ನನ್ನ ರೆಕಾರ್ಡಿಂಗನ್ನು ಮೂವತ್ತು ಸೆಕೆಂಡಿಗೇ ಅಳಿಸಿದ್ದೆ. ಇಲ್ಲೇ ಮೂಲೆಯಲ್ಲಿ ಕೂತಿರುತ್ತೇನೆ, ಬಲ್ಲವರು ಹೇಳಲಿ.

ಡಗ್ಗಾ ಮಾಸ್ತರ | ಶಿರಸಿ

ತಮ್ಮಾ, ಹುಟ್ಟಿನಿಂದ ಯಾರಿಗೂ ಬರುವುದಿಲ್ಲ. ಹೆದರಬೇಡ.

ಟ್ರ್ಯಾಕ್ ಜೊತೆ ನಾಲ್ಕು ವರ್ಷ ಕಳೆದೆ ಅಂದೆಯಲ್ಲ, ರೋಗ ಅಲ್ಲೇ ಇದೆ. ಟ್ರ್ಯಾಕ್ ಎಲ್ಲಿ ತಿರುಗುತ್ತದೆ ಅಂತ ನಿನಗೆ ಬಾಯಿಪಾಠ. ನೀನು ತಪ್ಪಿದರೂ ಅದು ತನ್ನ ಪಾಡಿಗೆ ಹೋಗುತ್ತದೆ. ನೀನು ಓಡಿದರೂ ಅದು ಓಡುವುದಿಲ್ಲ. ಹಾಗಾಗಿ ಅದನ್ನು ಕೇಳಬೇಕಾದ ಪ್ರಮೇಯವೇ ನಿನಗೆ ಬರಲಿಲ್ಲ. ಭಜನೆ ಹಾಗಲ್ಲ. ಹಾಡುವ ಅಮ್ಮನಿಗೆ ಒಂದು ಸಾಲು ಹಿಡಿಸಿತು ಅಂದರೆ ಅದನ್ನೇ ಐದು ಸಲ ಹೇಳುತ್ತಾರೆ. ಆರನೆಯ ಸಲಕ್ಕೆ ಬಿಡುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ.

ಎಲ್ಲರನ್ನೂ ಒಟ್ಟಿಗೆ ಕೇಳಲು ಹೋಗಬೇಡ, ತಲೆ ಕೆಡುತ್ತದೆ. ಒಬ್ಬರನ್ನು ಹಿಡಿ. ನಾನು ತಬಲಾದವನು, ಸ್ವಾರ್ಥದಿಂದಲೇ ಹೇಳುತ್ತೇನೆ: ತಬಲಾದವನ ಎಡಗೈ ಹಿಡಿ, ಅಂದರೆ ಡಗ್ಗಾ, ದಪ್ಪ ದನಿಯದು. ಭಜನೆಯಲ್ಲಿ ಜಾಸ್ತಿ ಬರುವುದು ಕೆಹರ್ವಾ ತಾಳ, 8 ಮಾತ್ರೆ (ಎಣಿಕೆ). ಧಾ ಗೆ ನ ತಿ, ನ ಕ ಧಿ ನ. ಒಂದನೆಯದು ಸಮ್, ಅಂದರೆ ಸುತ್ತು ಶುರುವಾಗುವ ಪೆಟ್ಟು. ಐದನೆಯದು ಖಾಲಿ, ಅಂದರೆ ಹಗುರ ಪೆಟ್ಟು. ಬಲಗೈ ಏನಾದರೊಂದು ಮಾಡುತ್ತಲೇ ಇರುತ್ತದೆ. ಹುರುಪು ಬಂದರೆ ಇನ್ನೂ ನಾಲ್ಕು ಪೆಟ್ಟು ಸೇರಿಸುತ್ತದೆ. ಅದನ್ನು ನಂಬಿದರೆ ಎಣಿಕೆ ತಪ್ಪುತ್ತದೆ. ಡಗ್ಗಾ ಹಾಗಲ್ಲ. ಸಮ್ಮಿಗೆ ಗುಂ ಅನ್ನುತ್ತದೆ, ಖಾಲಿ ಬಂದಾಗ ಬಾಯಿ ಮುಚ್ಚುತ್ತದೆ. ನೀನು ಕೇಳಬೇಕಾದ್ದು ಆ ಬಾಯಿ ಮುಚ್ಚುವುದನ್ನು.

ದಾದ್ರಾ ತಾಳ ಬಂದರೆ ಸ್ವಲ್ಪ ಹುಷಾರು. ಧಾ ಧಿ ನಾ, ಧಾ ತಿ ನಾ. ಖಾಲಿ ಲೆಕ್ಕಕ್ಕೆ ನಾಲ್ಕನೆಯ ಮಾತ್ರೆಯಲ್ಲಿದೆ. ಆದರೆ ಹೆಚ್ಚಿನವರು ಅಲ್ಲಿ ಧಾ ಅಂತಲೇ ಬಾರಿಸುತ್ತಾರೆ. ಡಗ್ಗಾ ಸುಮ್ಮನಾಗುವುದು ಐದರ ತಿ ಬಂದಾಗ. ನನ್ನ ಹತ್ತಿರ ಕಲಿಯುವ ಮಕ್ಕಳೂ ಇಲ್ಲೇ ಜಾರಿ ಬೀಳುವುದು.

ಈಗ ಕೆಲಸ. ಮುಂದಿನ ಭಜನೆಗೆ ಹೋದಾಗ ಮೊದಲ ಎರಡು ಹಾಡಿಗೆ ತಂತಿ ಮುಟ್ಟಬೇಡ. ಗಿಟಾರ್ ತೊಡೆಯ ಮೇಲೆ ಇರಲಿ. ಖಾಲಿ ಬಂದಾಗೊಮ್ಮೆ ಮೊಣಕಾಲಿಗೆ ಒಂದು ಬೆರಳು ತಟ್ಟು. ಮೂರನೆಯ ಹಾಡಿಗೆ ಸಮ್ಮಿಗೆ ಮಾತ್ರ ಮೀಟು, ಎಂಟು ಮಾತ್ರೆಗೆ ಒಂದೇ ಸಲ. ನಡುವೆ ಕೈ ತುರಿಸುತ್ತದೆ. ತುರಿಸಲಿ.

ಮನೆಯಲ್ಲಾದರೆ ಟ್ರ್ಯಾಕ್ ಬಂದ್ ಮಾಡಿ ತಂಗಿಯನ್ನೋ ಗೆಳೆಯನನ್ನೋ ಕೂರಿಸಿಕೋ. ಅವರು ಹಾಡಲಿ, ಬೇಕಂತಲೇ ಸಾಲು ತಿರುಗಿಸಲಿ, ನಡುವೆ ನಿಲ್ಲಿಸಲಿ. ನಿನ್ನ ಕೆಲಸ ಅವರು ಹೋದಲ್ಲಿ ಹೋಗುವುದು. ಚೆನ್ನಾಗಿ ಹಾಡಬೇಕು ಅಂತೇನೂ ಇಲ್ಲ. ಕೆಟ್ಟದಾಗಿ ಹಾಡುವವರು ಸಿಕ್ಕರೆ ಅಭ್ಯಾಸಕ್ಕೆ ಇನ್ನೂ ಅನುಕೂಲ.

ಬೇಸು ನಾಲ್ಕು ತಂತಿ | ಕಾರವಾರ

ಮಾಸ್ತರರ ಮಾತಿಗೆ ನನ್ನದೊಂದು ಒಗ್ಗರಣೆ. ನಾನು ಬೇಸ್ ಗಿಟಾರ್ ನುಡಿಸುವವನು. ಹಲವು ವರ್ಷ ಮಡಗಾಂವ್ ಕಡೆ ಹೋಟೆಲ್ ಬ್ಯಾಂಡುಗಳಲ್ಲಿ ಇದ್ದೆ. ರೈಲಿನಲ್ಲಿ ಹೋಗಿ ರಾತ್ರಿ ಯಾರದಾದರೂ ಬೈಕಿನಲ್ಲಿ ಕಾಳಿ ಸೇತುವೆ ದಾಟಿ ಮನೆ ಸೇರುವುದು. ಆ ಕಾಲ ಚಲೋ ಇತ್ತು.

ನಿಮಗೆ ಬೇರೆಯವರು ಕೇಳಿಸದೇ ಇದ್ದದ್ದಕ್ಕೆ ಕಿವಿ ಕಾರಣ ಅಲ್ಲ, ಕೈ ಕಾರಣ. ಆರೂ ತಂತಿ ಎಳೆಯುತ್ತಿದ್ದಿರಿ ಅಂತ ರೆಕಾರ್ಡಿಂಗ್ ಕೇಳದೆಯೇ ಹೇಳುತ್ತೇನೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಗಂಡಸರ ದನಿ, ಪೇಟಿಯ ಎಡಗಡೆ ಸ್ವರ, ಮಾಸ್ತರರ ಡಗ್ಗಾ ಎಲ್ಲಾ ಅದೇ ಓಣಿಯಲ್ಲಿ ಓಡಾಡುವವು. ಬೇಸ್ ಇದ್ದರೆ ಅದರ ದಪ್ಪ ತಂತಿ 41ಕ್ಕೆ ಶುರುವಾಗಿ ಮೇಲೆ ಬಂದು ನಿಮ್ಮನ್ನೇ ಮುಟ್ಟುತ್ತದೆ. ನೀವು ಓಣಿಯ ನಡುವೆ ಲಾರಿ ನಿಲ್ಲಿಸಿದ್ದೀರಿ. ಇನ್ನು ಯಾರು ಕಾಣುತ್ತಾರೆ?

ದಪ್ಪ ತಂತಿ ಎರಡನ್ನೂ ಮರೆತುಬಿಡಿ. ನಡುವಿನ ಮೂರು ತಂತಿಯಲ್ಲಿ ಸಣ್ಣ ಕಾರ್ಡ್ ಹಿಡಿಯಿರಿ, ಹೊಡೆದ ಕೂಡಲೇ ಎಡಗೈ ಸಡಿಲಿಸಿ ದನಿ ಮುಚ್ಚಿ. ಎರಡು ಹೊಡೆತದ ನಡುವೆ ಒಂದು ಕಿಟಕಿ ತೆರೆಯುತ್ತದೆ. ಬೇರೆಯವರು ಕೇಳಿಸುವುದು ಅದರಲ್ಲೇ.

ಅಮೆರಿಕದ ಕೌಂಟ್ ಬೇಸಿ ಅವರ ಜಾಝ್ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ ಅಂತ ಗಿಟಾರಿನವರು ಇದ್ದರು. 1937ರಲ್ಲಿ ಸೇರಿದವರು 1987ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಐವತ್ತು ವರ್ಷದಲ್ಲಿ ಒಬ್ಬರೇ ಮುಂದೆ ಬಂದು ನುಡಿಸಿದ್ದು ಬೆರಳೆಣಿಕೆಯಷ್ಟು. ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ) ಇಲ್ಲದ ಗಿಟಾರ್, ನಾಲ್ಕೆಣಿಕೆಯ ಪ್ರತಿ ಸುತ್ತಿಗೆ ನಾಲ್ಕು ಹೊಡೆತ, ಅದರಲ್ಲೂ ಎಷ್ಟೋ ಸಲ ಒಂದೋ ಎರಡೋ ತಂತಿ ಮಾತ್ರ ಎದ್ದು ಕೇಳುತ್ತದೆ. ಸುತ್ತ ಅಷ್ಟು ತುತ್ತೂರಿ, ಸ್ಯಾಕ್ಸೊಫೋನ್. ಹಳೆಯ ರೆಕಾರ್ಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ, ಮೊದಲ ಸಲಕ್ಕೆ ಗಿಟಾರ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಸಿಕ್ಕ ಮೇಲೆ ಅದನ್ನು ಬಿಟ್ಟು ಬೇರೆ ಕೇಳಲು ಆಗುವುದಿಲ್ಲ.

ಹಾಂ, ಪ್ಲಗ್ ಹಾಕಿ ನುಡಿಸುವುದಾದರೆ ಆಂಪ್ ಎಲ್ಲಿಡುತ್ತೀರಿ ನೋಡಿ. ನೆಲದ ಮೇಲಿಟ್ಟು ಅದರ ಮುಂದೆ ನಿಂತರೆ ಅದು ನಿಮ್ಮ ಮೊಣಕಾಲಿಗೆ ಹಾಡುತ್ತದೆ. ಚೂಪು ದನಿ ನೇರ ಹೋಗುವಂಥದ್ದು, ಪಕ್ಕಕ್ಕೆ ಜಾಸ್ತಿ ಹರಡುವುದಿಲ್ಲ. ನಿಮಗೆ ಮಂದ ಅನ್ನಿಸಿ ವಾಲ್ಯೂಮ್ ಏರಿಸುತ್ತೀರಿ, ಎದುರು ಕೂತವರ ಕಿವಿ ಹರಿಯುತ್ತದೆ. ನಮ್ಮ ಬ್ಯಾಂಡಿಗೇ ಆಗಿದೆ. ಒಂದು ಮದುವೆ ರಿಸೆಪ್ಶನ್‌ನಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು, ಏನೂ ಮಾತಾಡದೆ, ಆಂಪಿನ ಮೇಲೆ ತಮ್ಮ ಶಾಲು ಹೊದಿಸಿ ವಾಪಸ್ ಹೋಗಿ ಕೂತರು. ಅದರ ನಂತರ ನಮ್ಮ ಹುಡುಗ ಆಂಪನ್ನು ಕುರ್ಚಿ ಮೇಲೆ, ತನ್ನ ಕಿವಿಗೆ ಮುಖ ಮಾಡಿ ಇಡಲು ಕಲಿತ.

ಮಳೆಗಾಲ | ಶಿರಸಿ

ಒಂದು ಅಡ್ಡ ಪ್ರಶ್ನೆ. ಕಡಿಮೆ ನುಡಿಸು, ಮೂರೇ ತಂತಿ ನುಡಿಸು, ಎರಡು ಹಾಡಿಗೆ ಸುಮ್ನೆ ಕೂರು. ಹಾಗಾದರೆ ಗಿಟಾರ್ ಯಾಕೆ ಒಯ್ಯಬೇಕು? ಮನೆಯಲ್ಲೇ ಬಿಟ್ಟು ಹೋಗಬಹುದಲ್ವಾ?

ಬೇಸು ನಾಲ್ಕು ತಂತಿ | ಕಾರವಾರ

ಮಾರಾಯ್ರೆ, ಸಾರಿಗೆ ಉಪ್ಪು ಎಷ್ಟು ಹಾಕುತ್ತೀರಿ?

ಮಳೆಗಾಲ | ಶಿರಸಿ

ನಮ್ಮ ಮನೆಯಲ್ಲಿ ಆಯಿ ಹಾಕುತ್ತಾರೆ. ಪ್ರಶ್ನೆ ಹಾಗೇ ಉಳಿಯಿತು.

ಅಘನಾಶಿನಿ | ಕುಮಟಾ

ನಾನು ಹಾಡುವವಳು. ಗಿಟಾರಿನವರ ಬಗ್ಗೆ ನನ್ನ ದೂರಿನ ಪಟ್ಟಿ ಉದ್ದ ಇದೆ, ಇವತ್ತು ಎರಡೇ ಹೇಳುತ್ತೇನೆ.

ಒಂದು ಕಾರ್ಯಕ್ರಮದಲ್ಲಿ ಗಿಟಾರಿನ ಹುಡುಗ ಫೋನಿನ ಟ್ಯೂನರ್ ನೋಡಿ ಶ್ರುತಿ ಮಾಡಿಕೊಂಡು ಬಂದು ಕೂತ. ಟ್ಯೂನರ್ 440ರ ಲೆಕ್ಕದ್ದು, ಅಂದರೆ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಪೇಟಿ ಹಳೆಯದು, ಸ್ವಲ್ಪ ಮೇಲಿತ್ತು. "ನನ್ನದು ಸರಿ ಇದೆ ಅಕ್ಕಾ, ಹಸಿರು ದೀಪ ಬಂದಿದೆ" ಅಂತ ಫೋನ್ ತೋರಿಸಿದ. ಇಡೀ ಸಂಜೆ ಇಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಪೇಟಿಯ ರೀಡನ್ನು ಅಲ್ಲಿ ಕೂತು ಬದಲಿಸಲು ಆಗುವುದಿಲ್ಲ. ಗಿಟಾರಿನ ಕಿವಿ ಹಿಂಡಲು ಎರಡು ನಿಮಿಷ ಸಾಕು. ಯಾರು ಯಾರ ಹತ್ತಿರ ಹೋಗಬೇಕು ಹೇಳಿ?

ಕೇಳುವ ಅಭ್ಯಾಸ ಅಂದರೆ ನನ್ನ ಲೆಕ್ಕದಲ್ಲಿ ಇಲ್ಲಿಂದಲೇ ಶುರು. ಪೇಟಿಯವರಿಗೆ ಒಂದು ಸ್ವರ ಒತ್ತಿ ಹಿಡಿಯಲು ಹೇಳಿ. ಅದೇ ಸ್ವರದ ತಂತಿ ಮೀಟಿ. ಎರಡೂ ಹತ್ತಿರ ಇದ್ದು ಸೇರದಿದ್ದರೆ ದನಿ ಅಲೆಅಲೆಯಾಗಿ ವಾಂವ್ ವಾಂವ್ ಅನ್ನುತ್ತದೆ. ಒಂದು 440, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಅಲೆ. ಕಿವಿ ಹಿಂಡುತ್ತಾ ಹೋದ ಹಾಗೆ ಅಲೆ ನಿಧಾನವಾಗುತ್ತದೆ. ಉದ್ದವಾಗುತ್ತದೆ. ಆಮೇಲೆ ಇರುವುದೇ ಇಲ್ಲ. ಆ ಕ್ಷಣ ಪೇಟಿ ಯಾವುದು ತಂತಿ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಆರೂ ತಂತಿಯನ್ನು ಹೀಗೆ ಸೇರಿಸಿ ಕೂತವರು ಆ ಸಂಜೆ ಜಾಸ್ತಿ ಗದ್ದಲ ಮಾಡಿದ್ದನ್ನು ನಾನು ನೋಡಿಲ್ಲ.

ಎರಡನೆಯದು ಗಾಂಧಾರ, ಸ ರಿ ಗ ದ ಗ. ತಂಬೂರಿ ಹಚ್ಚಿಕೊಂಡು ಹಾಡಿ ಬೆಳೆದವರ ಶುದ್ಧ ಗಾಂಧಾರ ಗಿಟಾರಿನ ಗಾಂಧಾರಕ್ಕಿಂತ ಒಂಚೂರು ಕೆಳಗೆ. ಒಂದು ಫ್ರೆಟ್ಟಿಗೆ (ಗಿಟಾರಿನ ಕುತ್ತಿಗೆಯ ಒಂದು ಮನೆಗೆ) 100 ಸೆಂಟ್ ಅಂತ ಹಿಡಿದರೆ ಇದು ಸುಮಾರು 14 ಸೆಂಟ್. ಸಣ್ಣದು ಅನ್ನಿಸುತ್ತದೆ, ಆದರೆ ನಾನು ಗಾಂಧಾರದ ಮೇಲೆ ನಿಂತಾಗ ನೀವು ಮೇಜರ್ ಕಾರ್ಡ್ ಜೋರಾಗಿ ಹೊಡೆದರೆ ಅಲ್ಲಿ ಕಚಕಚ ಅನ್ನುತ್ತದೆ. ಆಗ ಸಾ ಮತ್ತು ಪಾ ಮಾತ್ರ ನುಡಿಸಿ. ನಡುವಿನ ಜಾಗ ನನ್ನದು. ಪೇಟಿಗೂ ಇದೇ ತೊಂದರೆ ಇದೆ, ಒಪ್ಪುತ್ತೇನೆ. ಅದು ಹಳೆಯ ಜಗಳ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು 1971ರ ಹೊತ್ತಿಗೆ ಮತ್ತೆ ಒಳಗೆ ಬಿಟ್ಟುಕೊಂಡಿತು. ಆದರೆ ಒಳ್ಳೆಯ ಪೇಟಿಯವರು ಆ ಜಾಗ ಬಂದಾಗ ಬೆರಳು ಹಗುರ ಮಾಡುತ್ತಾರೆ, ಗಮನಿಸಿ.

ಕೋಡಿಬಾಗ ಗಿಟಾರು | ಕಾರವಾರ

ಅಕ್ಕಾ, ಹಸಿರು ದೀಪದ ಹುಡುಗ ನಾನಲ್ಲ, ಆದರೆ ನಾನೇ ಆಗಬಹುದಿತ್ತು.

ಸಾಲು ತಿರುಗುವುದು ಮೊದಲೇ ಹೇಗೆ ತಿಳಿಯುತ್ತದೆ? ನನಗೆ ಆಗಿದ್ದು ಅದೇ ಅಲ್ವಾ, ಅವರು ಪಲ್ಲವಿಗೆ ಹೋಗಿ ಎರಡು ಆವರ್ತನ ಆದ ಮೇಲೆ ನನಗೆ ಎಚ್ಚರ.

ಅಘನಾಶಿನಿ | ಕುಮಟಾ

ಉಸಿರು ಕೇಳಿ. ಸಾಲಿಗೆ ಮುಂಚೆ ಎಲ್ಲರೂ ಉಸಿರು ಎಳೆದುಕೊಳ್ಳುತ್ತಾರೆ. ಅದೇ ಸಾಲು ಮತ್ತೆ ಹೇಳುವುದಿದ್ದರೆ ಚಿಕ್ಕ ಉಸಿರು, ಬಾಯಿಯಿಂದ. ಚರಣಕ್ಕೆ ಹೋಗಿ ಮೇಲೆ ಏರುವುದಿದ್ದರೆ ಭುಜ ಸಹ ಸ್ವಲ್ಪ ಏಳುತ್ತದೆ. ಮೈಕಿನ ಹತ್ತಿರ ಕೂತರೆ ಸ್ಪಷ್ಟ ಕೇಳುತ್ತದೆ.

ಇನ್ನು ಹಾಡುವ ಶ್ರುತಿಯ ವಿಷಯ. ಹೆಂಗಸರು ಕಪ್ಪು ನಾಲ್ಕು, ಕಪ್ಪು ಐದು (ಪೇಟಿಯ ನಾಲ್ಕನೆಯ, ಐದನೆಯ ಕಪ್ಪು ಮನೆಯೇ ಸಾ) ಅಂದರೆ ಗಾಬರಿ ಬೀಳಬೇಡಿ. ಕಪ್ಪು ನಾಲ್ಕಕ್ಕೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಒಂದನೆಯ ಫ್ರೆಟ್ಟಿಗೆ, ಕಪ್ಪು ಐದಕ್ಕೆ ಮೂರನೆಯದಕ್ಕೆ, ಎರಡಕ್ಕೂ ಜಿ ಕಾರ್ಡಿನ ಹಿಡಿತವೇ. ಗಂಡಸರ ಕಪ್ಪು ಒಂದಾದರೆ ಕೇಪೋ ಒಂದಕ್ಕೆ ಹಾಕಿ ಸಿ ಹಿಡಿಯಿರಿ. ಇದು ತಲೆಯಲ್ಲಿದ್ದರೆ ಕಾರ್ಡ್ ಹುಡುಕುವುದರಲ್ಲೇ ಕಿವಿ ಕಳೆದುಹೋಗುವುದಿಲ್ಲ.

ಕ್ವಾಯರ್ ಮೂಲೆ | ಕಾರವಾರ

ಎಲ್ಲರೂ ಕೇಳಿ ಕೇಳಿ ಅನ್ನುತ್ತಿದ್ದೀರಿ. ನಾನು ಒಂದು ಉಲ್ಟಾ ಮಾತು ಹೇಳಲೇ?

ನಾನು ಇಗರ್ಜಿಯ ಕ್ವಾಯರ್‌ನಲ್ಲಿ (ಚರ್ಚಿನ ಹಾಡುವ ತಂಡದಲ್ಲಿ) ನುಡಿಸುತ್ತೇನೆ. ಎತ್ತರದ ಮಾಡು, ದೊಡ್ಡ ಹಾಲ್, ಪೂಜೆಗೆ ಬಂದವರೆಲ್ಲ ಹಾಡುತ್ತಾರೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 15 ಮೀಟರ್ ದೂರದವರು ಹಾಡಿದ್ದು ನನಗೆ ಮುಟ್ಟುವಾಗ 44 ಮಿಲಿಸೆಕೆಂಡ್ ತಡ. ಅವರಿಗೆ ನನ್ನ ಗಿಟಾರ್ ಮುಟ್ಟುವುದೂ ಅಷ್ಟೇ ತಡ, ಅದನ್ನು ಕೇಳಿ ಅವರು ಹಾಡುವುದು. ಗೋಡೆಯಿಂದ ತಿರುಗಿ ಬರುವ ದನಿ ಬೇರೆ. ನಾನು ಜನರನ್ನು ಕೇಳಿ ನುಡಿಸುತ್ತಾ ಹೋದರೆ ಹಾಡು ಪ್ರತಿ ಸಾಲಿಗೂ ಎಳೆಯುತ್ತದೆ. ಶುರುವಿನಲ್ಲಿ ಹಾಗೇ ಮಾಡಿದೆ. ಒಂದು ಹಬ್ಬದ ಹಾಡು ಕೊನೆಗೆ ಮರಣದ ಪೂಜೆಯ ಹಾಡಿನ ಹಾಗೆ ಆಯ್ತು.

ಈಗ ನಾನು ನೋಡುತ್ತೇನೆ. ಕೀಬೋರ್ಡಿನವಳು ನನ್ನಿಂದ ಒಂದು ಮೀಟರ್ ದೂರದಲ್ಲಿದ್ದಾಳೆ. ಅವಳ ಎಡಗೈ ಮಣಿಕಟ್ಟು ಇಳಿದಾಗ ನನ್ನ ಕೈ ಇಳಿಯುತ್ತದೆ. ಹತ್ತಿರದವರನ್ನು ಕೇಳು, ದೂರದವರನ್ನು ಕೇಳಬೇಡ. ಕಣ್ಣು ಮುಚ್ಚಿ ನುಡಿಸುವ ಚಾಳಿ ಇದ್ದರೆ ಬಿಡು. ಫೋಟೋದಲ್ಲಿ ಚೆಂದ ಕಾಣುತ್ತದೆ ಅಷ್ಟೇ.

ಮದ್ದಳೆ ಮಾಣಿ | ಹೊನ್ನಾವರ

ಕಣ್ಣಿನ ಮಾತಿಗೆ ನನ್ನ ಓಟು. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು 1934ರಲ್ಲಿ. ನಮ್ಮ ಕಡೆಯ ಮದ್ದಳೆಗಾರರು ಅದಕ್ಕೂ ಎಷ್ಟೋ ಮೊದಲಿನಿಂದ ಮಾಡುತ್ತಾ ಬಂದದ್ದು ಇದನ್ನೇ. ವೇಷದವರು ಅರ್ಥ ಹೇಳುವಾಗ ಮದ್ದಳೆಯವನು ಹಾಯಾಗಿ ಕೂತಿದ್ದಾನೆ ಅಂತ ಕಾಣುತ್ತದೆ. ಕೂತಿರುವುದಿಲ್ಲ. ಮಾತು ಇಳಿಯುತ್ತಾ ಬಂದದ್ದು ದನಿಯಲ್ಲೇ ತಿಳಿಯಬೇಕು. ಪದ ಹಾಡುವ ಭಾಗವತರ ತಾಳ ಹಿಡಿದ ಕೈ ಮೇಲೆ ಬಂತು ಅಂದರೆ ನನ್ನ ಬೆರಳು ಮದ್ದಳೆಯ ಮೇಲೆ ಇರಬೇಕು. ಅವರು ಪದ ಎತ್ತಿದ ಮೇಲೆ ನಾನು ಕೈ ಎತ್ತಿದರೆ ತಡ ಆಯ್ತು. ಕುಣಿಯುವವರಿಗೆ ಹುರುಪು ಬಂದರೆ ಭಾಗವತರು ಅದೇ ಸಾಲು ಮತ್ತೆ ಮತ್ತೆ ಹೇಳುತ್ತಾರೆ. ಆಗ ನಾನು ಭಾಗವತರನ್ನು ನೋಡಬೇಕು, ಭಾಗವತರು ಕಾಲಿನ ಗೆಜ್ಜೆ ನೋಡುತ್ತಿರುತ್ತಾರೆ.

ಕಲಿಯುವಾಗ ನಮ್ಮ ಗುರುಗಳು ಆರು ತಿಂಗಳು ಪದಗಳನ್ನು ಹಾಡಿಸಿದರು. "ನಾನು ಬಂದದ್ದು ಮದ್ದಳೆಗೆ" ಅಂದರೆ "ಹೌದು, ಹಾಡು" ಅನ್ನುತ್ತಿದ್ದರು. ಕಾರ್ಡ್ ಪಟ್ಟಿ ಬದಿಗಿಟ್ಟು ಹಾಡನ್ನು ಬಾಯಿಪಾಠ ಮಾಡಿ ನೋಡಿ. ಪಲ್ಲವಿ ಬರುವುದು ಮಾತಿನಿಂದಲೇ ತಿಳಿಯುತ್ತದೆ.

ಮಳೆಗಾಲ | ಶಿರಸಿ

ವಿಷಯ ತಪ್ಪಿಸುತ್ತಿದ್ದೇನೆ, ಕ್ಷಮಿಸಿ. ಈ ಮಳೆಗೆ ನನ್ನ ತಂತಿಗಳು ಒಂದು ತಿಂಗಳಿಗೇ ತುಕ್ಕು. ಜೋರಾಗಿ ಹೊಡೆದರೂ ದನಿ ಮಂಕು. ಇದಕ್ಕೂ ಕೇಳುವುದಕ್ಕೂ ಸಂಬಂಧ ಇದೆಯಾ ಸುಮ್ನೆ ಕೇಳಿದೆ.

ಬೇಸು ನಾಲ್ಕು ತಂತಿ | ಕಾರವಾರ

ಇದೆ. ಮಂಕು ತಂತಿಯವರು ಜೋರಾಗಿ ಹೊಡೆಯುತ್ತಾರೆ, ಜೋರಾಗಿ ಹೊಡೆಯುವವರಿಗೆ ಬೇರೆ ಕೇಳುವುದಿಲ್ಲ. ನುಡಿಸಿದ ಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ. ಗೋಡೆಗೆ ನೇತುಹಾಕಬೇಡಿ, ಕೇಸಿನಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕಡಲ ಗಾಳಿಯಲ್ಲಿ ನಮ್ಮದು ನಿಮಗಿಂತ ಕಷ್ಟ, ನಾವು ಅಳುತ್ತಿದ್ದೇವಾ?

ಕೋಡಿಬಾಗ ಗಿಟಾರು | ಕಾರವಾರ

ತಡವಾಗಿ ಬಂದೆ, ವರದಿ ಕೊಡಬೇಕಿತ್ತು.

ನವರಾತ್ರಿಯ ಭಜನೆಗೆ ಅದೇ ಗುಂಪು, ಅದೇ ಪೇಟಿಯವರು. ಮೊದಲೇ ಹೋಗಿ "ಒಂದು ಸ್ವರ ಒತ್ತಿ ಹಿಡೀತೀರಾ" ಅಂತ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು, ಒತ್ತಿ ಹಿಡಿದರು. ಅಕ್ಕ ಹೇಳಿದ ಅಲೆ ನಿಜಕ್ಕೂ ಕೇಳಿಸಿತು. ನಾಲ್ಕು ವರ್ಷದಲ್ಲಿ ಇದೇ ಮೊದಲು. ಅವರ ಪೇಟಿಯೂ ಟ್ಯೂನರಿಗಿಂತ ಮೇಲೆಯೇ ಇದೆ, ಚೌತಿಯಲ್ಲೂ ಹಾಗೇ ಇದ್ದಿರಬೇಕು.

ತಬಲಾದವರ ಎಡಗಡೆ, ಡಗ್ಗಾದ ಪಕ್ಕ ಕೂತೆ. ಎರಡು ಹಾಡು ಬೆರಳು ತಟ್ಟಿದೆ. ಮೊದಲನೆಯದರಲ್ಲಿ ಮೂರು ಸಲ ಖಾಲಿ ಕಳೆದುಕೊಂಡೆ, ಎರಡನೆಯದರಲ್ಲಿ ಒಂದೇ ಸಲ. ಕೈ ತುರಿಸಿತು ಮಾಸ್ತರೇ, ಬಹಳ ತುರಿಸಿತು. ಆಮೇಲೆ ಸಮ್ಮಿಗೆ ಒಂದು, ನಂತರ ಮೂರು ತಂತಿಯಲ್ಲಿ ಸಣ್ಣ ಹೊಡೆತ.

ಐದನೆಯ ಹಾಡೋ ಆರನೆಯದೋ, ಹಾಡುತ್ತಿದ್ದ ಅಮ್ಮ ಒಂದು ಸಾಲು ಮೂರು ಸಲ ಹೇಳಿದರು. ನಾಲ್ಕನೆಯದಕ್ಕೆ ಉಸಿರು ಉದ್ದ ಎಳೆದರು. ನಾನು ತಂತಿಗೆ ಅಂಗೈ ಇಟ್ಟು ನಿಂತೆ. ತಬಲಾ ನಿಂತಿತು. ಅವರೊಬ್ಬರೇ ಎರಡು ಶಬ್ದ ಹೇಳಿ ಪಲ್ಲವಿಗೆ ಬಂದರು, ನಾವು ಎಲ್ಲಾ ಒಟ್ಟಿಗೆ ಸಮ್ಮಿಗೆ ಇಳಿದೆವು. ಆ ನಿಂತ ಹೊತ್ತಿನಲ್ಲಿ ಹಿಂದೆ ತಾಳ ಹಾಕುವ ಅಜ್ಜನೊಬ್ಬರು ಎಲ್ಲರಿಗಿಂತ ಕೂದಲೆಳೆ ಹಿಂದೆ ಹಾಕುತ್ತಾರೆ ಅಂತ ಗೊತ್ತಾಯ್ತು. ಚೌತಿಯ ರೆಕಾರ್ಡಿಂಗ್ ಮತ್ತೆ ಹಾಕಿ ನೋಡಿದೆ. ಅಲ್ಲೂ ಹಾಗೇ ಇದೆ.

ಪ್ರಸಾದಕ್ಕೆ ಕೂತಾಗ ಪೇಟಿಯವರು ಪಕ್ಕ ಬಂದರು. ಏನಾದರೂ ಹೊಗಳುತ್ತಾರೆ ಅಂತ ಕಾದೆ. "ಏನೋ ತಮ್ಮಾ, ಇವತ್ತು ಗಿಟಾರ್ ತಂದಿರ್ಲಿಲ್ವಾ?"

ಡಗ್ಗಾ ಮಾಸ್ತರ | ಶಿರಸಿ

ಅಡ್ಡಿಲ್ಲ. ಮುಂದಿನ ಸಲ ಸ್ವಲ್ಪ ಜೋರು ಮಾಡು. ಆ ಅಜ್ಜನ ತಾಳ ಹಿಡಿದು ಲಯ ಎಳೆಯಬೇಡ ಮತ್ತೆ.

ಮಳೆಗಾಲ | ಶಿರಸಿ

ನೋಡಿ, ನಾನು ಆಗಲೇ ಹೇಳಿದ್ದೆ, ಮನೆಯಲ್ಲೇ ಬಿಟ್ಟು ಹೋಗಬಹುದಿತ್ತು ಅಂತ. ರೆಕಾರ್ಡಿಂಗ್ ಇದ್ದರೆ ಹಾಕಿ, ಗಿಟಾರ್ ಎಲ್ಲಿದೆ ಹುಡುಕುತ್ತೇನೆ.